ಬಾಲದೊಳಗಿನ ಅತ್ತೆ

ಮನೆಯಲ್ಲೇ ವಿಮಾನ ಕಟ್ಟುತ್ತೇನೆಂದು ಸೊಸೆ ಊಟದ ಹೊತ್ತಿನಲ್ಲಿ ಹೇಳಿದಾಗ ಗಂಡ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ಮರೆತ. ಅತ್ತೆ ಮಾತ್ರ ನೀರಿನ ಲೋಟ ಕೆಳಗಿಟ್ಟು, "ಗಾಳಿಗೋಪುರ ಕಟ್ಟೋರನ್ನ ಬೇಕಾದಷ್ಟು ಕಂಡಿದೀನಿ. ಅದಕ್ಕೆ ಇಂಜಿನ್ ಕೂರಿಸ್ತೀನಿ ಅನ್ನೋಳನ್ನ ಇವತ್ತೇ ನೋಡ್ತಿರೋದು," ಎಂದರು.

ಸೊಸೆ ಊರಿಗೆಲ್ಲ ಹಲ್ಲಿನ ಡಾಕ್ಟರು. ವಿಮಾನ ಹಾರಿಸುವುದನ್ನು ಊರಾಚೆಯ ಕ್ಲಬ್ಬಿನಲ್ಲಿ ಕಲಿತು ಪರವಾನಗಿ ಪಡೆದಿದ್ದಳು. ಕಟ್ಟುವುದು ಮಾತ್ರ ಗೊತ್ತಿರಲಿಲ್ಲ. ಹಿಂದೊಮ್ಮೆ ಬಟ್ಟೆಯ ಕಪಾಟು ಜೋಡಿಸಲು ಹೋಗಿ ಬಾಗಿಲನ್ನು ತಲೆಕೆಳಗೆ ಕೂರಿಸಿದ ಕೀರ್ತಿ ಅವಳದು. ಆದರೂ ಹಟ ಹಿಡಿದರೆ ಬಿಡುವ ಪೈಕಿಯಲ್ಲ. ಒಂದು ಬೆಳಿಗ್ಗೆ ಲಾರಿಯಿಂದ, ಕಂಪನಿಯೊಂದು ಕಳಿಸಿದ ವಿಮಾನದ ಬಿಡಿಭಾಗಗಳ ಉದ್ದುದ್ದ ಮರದ ಪೆಟ್ಟಿಗೆಗಳು ಇಳಿದವು. ಗ್ಯಾರೇಜಿನಲ್ಲಿದ್ದ ಕಾರು ಬೀದಿಪಾಲಾಯಿತು.

ಚಿಕ್ಕಪುಟ್ಟ ಭಾಗಗಳನ್ನು ಒಬ್ಬಳೇ ಜೋಡಿಸಿದಳು. ತೊಡಕು ಬಂದದ್ದು ವಿಮಾನದ ಬಾಲದ ಹತ್ತಿರ. ತಗಡುಗಳನ್ನು ಕೂಡಿಸುವ ಮೊಳೆ, ಅಂದರೆ ರಿವೆಟ್ಟು, ಹೊಡೆಯಲು ಇಬ್ಬರು ಬೇಕು: ಒಬ್ಬರು ಹೊರಗಿನಿಂದ ರಿವೆಟ್ಟಿನ ಗನ್ನು ಹಿಡಿದು ಬಡಿಯಬೇಕು, ಇನ್ನೊಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಬಾಲವೋ ಹಿಂದೆ ಹೋದಂತೆ ಕಿರಿದಾಗುವ ಕೊಳವೆ. ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಭುಜ ಬೆಳೆಸಿಕೊಂಡಿದ್ದ ಗಂಡ ತಲೆ ತೂರಿಸಿದ, ಭುಜ ಸಿಕ್ಕಿಬಿತ್ತು. ಹೆಂಡತಿ ಕಾಲು ಹಿಡಿದು ಎಳೆದಳು. "ನನ್ನಿಂದ ಆಗಲ್ಲ ಮಾರಾಯ್ತಿ, ಒಳಗೇ ಮುಪ್ಪಾಗ್ತೀನಿ," ಎಂದು ಅವನು ಕೈಚೆಲ್ಲಿದ.

ಬಾಗಿಲಲ್ಲಿ ನಿಂತು ಈ ಪ್ರಹಸನ ನೋಡುತ್ತಿದ್ದ ಅತ್ತೆ ಕಿವಿಯ ಯಂತ್ರ ಕಳಚಿ ಮಗನ ಕೈಗಿಟ್ಟರು. "ಸದ್ದು ನನಗೆ ಕೇಳಲ್ಲ. ಮೈಯೂ ಗುಬ್ಬಿಯಷ್ಟೇ ಇದೆ. ಒಂದು ದಿಂಬು ತಾ."

"ಅತ್ತೆ, ನಿಮ್ಮ ಬೆನ್ನು?" ಎಂದು ಸೊಸೆ ತನ್ನ ಬೆನ್ನು ಮುಟ್ಟಿ ತೋರಿಸಿದಳು.

"ಬೆನ್ನು ನಂದು, ವಿಮಾನ ನಿಂದು. ನಿನ್ನದನ್ನ ನೀನು ನೋಡ್ಕೊ."

ಹೀಗೆ ಅತ್ತೆ ಬಾಲದೊಳಗೆ ಸೇರಿಕೊಂಡರು. ರಿವೆಟ್ಟು ಸರಿಯಾಗಿ ಕೂತರೆ ಒಳಗಿನಿಂದ ಒಂದು ಸಲ ತಟ್ಟುವರು, ಸೊಟ್ಟಗಾದರೆ ಎರಡು ಸಲ. ಮೊದಮೊದಲು ಎರಡೇ ಹೆಚ್ಚು. ಸೊಸೆಯ ಮುಖ ಚಿಕ್ಕದಾಗುತ್ತಿತ್ತು. ಅತ್ತೆ ಒಂದಕ್ಕೂ ರಿಯಾಯಿತಿ ತೋರಲಿಲ್ಲ. "ತೆಗಿ, ಮತ್ತೆ ಹೊಡಿ. ಇದರ ಮೇಲೆ ಕೂರೋಳು ನೀನು."

ದಣಿವಾರಿಸಿಕೊಳ್ಳುವಾಗ ಕತ್ತಲ ಕೊಳವೆಯಿಂದ ಅತ್ತೆಯ ಮಾತು ಕೇಳಿಬರುತ್ತಿತ್ತು. ಪ್ರಾಯದಲ್ಲಿ ಅಣ್ಣನ ಬೈಕನ್ನು ಕದ್ದು ಓಡಿಸಿ ಹಳ್ಳಕ್ಕೆ ಬಿದ್ದದ್ದು, ತನ್ನ ಗಂಡ ತೀರಿಕೊಂಡ ವರ್ಷ ಮಾತೇ ಬೇಡವಾಗಿ ಕಿವಿ ಕೇಳದ್ದೇ ವಾಸಿ ಅನಿಸಿದ್ದು. ತಗಡೊಂದು ನಡುವೆ ಇದ್ದದ್ದಕ್ಕೋ ಏನೋ, ಎದುರೆದುರು ಕೂತು ಎಂದೂ ಆಡದ ಮಾತುಗಳು ಅಲ್ಲಿ ಸಲೀಸಾಗಿ ಬಂದವು. ಮದುವೆಯಾದಾಗಿನಿಂದ ಇಬ್ಬರೂ ಉಪ್ಪು, ಸೋಪು, ಗ್ಯಾಸಿನ ಸಿಲಿಂಡರು ಬಿಟ್ಟು ಬೇರೆ ಮಾತಾಡಿದವರಲ್ಲ. ಗನ್ನು ಹಿಡಿದು ನಿಂತ ಸೊಸೆಗೆ, ಇಷ್ಟು ದಿನ ಯಾರ ಜೊತೆ ಇದ್ದೆ ನಾನು ಅನಿಸಿತು.

ಬಾಲ ಮುಗಿಯಿತು, ಒಡಲು ಮುಗಿಯಿತು. ರೆಕ್ಕೆಯನ್ನು ಒಡಲಿಗೆ ಸೇರಿಸುವ ದಿನ ಗಂಡನ ಬೇಕರಿಯವರೆಲ್ಲ ಬಂದು ಎತ್ತಿ ಹಿಡಿದರು. ಬೋಲ್ಟಿಗೆ ತೂತು ಕೊರೆಯಲು ಸೊಸೆ ರೆಕ್ಕೆಯ ಭಾರ ಹೊರುವ ತೊಲೆಗೆ ಡ್ರಿಲ್ಲು ಇಟ್ಟಳು. ಹಲ್ಲು ಕೊರೆಯುವಾಗ ಕೂದಲೆಳೆಯಷ್ಟೂ ಲೆಕ್ಕ ತಪ್ಪದ ಕೈ ಅದು, ಅಂದು ಜಾರಿತು. ತೂತು ಅಂಚಿಗೆ ತೀರ ಹತ್ತಿರ ಬಿತ್ತು. ಕಂಪನಿಗೆ ಫೋನು ಮಾಡಿದರೆ, ಆ ತೊಲೆಯನ್ನೇ ಬದಲಿಸಬೇಕು, ಅದಕ್ಕೆ ಹೊಡೆದ ರಿವೆಟ್ಟುಗಳನ್ನೆಲ್ಲ ಬಿಚ್ಚಬೇಕು ಎಂದರು.

ಸೊಸೆ ವಿಮಾನದ ಮೇಲೆ ಹಳೇ ಬೆಡ್‌ಶೀಟು ಹೊದಿಸಿ ಗ್ಯಾರೇಜಿಗೆ ಬೀಗ ಹಾಕಿದಳು. ವಾರಗಳುರುಳಿದವು. ಗಂಡ ಬೆಕ್ಕಿನಂತೆ ಹೆಜ್ಜೆಯಿಡುತ್ತ ಓಡಾಡಿದ. ಕಡೆಗೊಂದು ಭಾನುವಾರ ಅತ್ತೆ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಸೊಸೆಯೆದುರು ನಿಂತರು.

"ಬೀಗದಕೈ ಎಲ್ಲಿ?"

"ಬೇಡ ಅತ್ತೆ. ನಾನೇ ಹಾಳು ಮಾಡಿದೆ. ನನ್ನ ಯೋಗ್ಯತೆ ಇಷ್ಟೇ."

"ಏನಮ್ಮಾ, ಅದು ನಿನ್ನೊಬ್ಬಳದಾ? ಒಳಗೆ ಮಲಗಿ ಮಲಗಿ ನನ್ನ ಸೊಂಟ ಬಿದ್ದುಹೋಗಿದೆ. ನನ್ನ ಕೆಲಸ ಅರ್ಧಕ್ಕೆ ನಿಲ್ಲಿಸೋಕೆ ನೀನ್ಯಾರು?"

ಸೊಸೆಗೆ ಅಳು ಬಂತು, ಅದರ ಹಿಂದೆಯೇ ನಗುವೂ. ಬೀಗದಕೈ ಕೊಟ್ಟಳು. ಇಬ್ಬರೂ ಸೇರಿ ಒಂದೊಂದೇ ರಿವೆಟ್ಟು ಬಿಚ್ಚಿದರು. ಹೊಸ ತೊಲೆ ಬಂತು. ಈ ಸಲ ಸೊಸೆ ಅಳೆದಳು, ಗಂಡ ಅಳೆದ, ಅತ್ತೆ ಕನ್ನಡಕ ಒರೆಸಿಕೊಂಡು ಅಳೆದರು; ಮೂವರ ಅಳತೆಯೂ ಒಂದೇ ಆದ ಮೇಲೆ ಡ್ರಿಲ್ಲು ತಿರುಗಿತು. ತೂತು ಬೀಳಬೇಕಾದಲ್ಲೇ ಬಿತ್ತು.

ರೆಕ್ಕೆ ಬಿಚ್ಚಿದ ವಿಮಾನವನ್ನು ಲಾರಿಯಲ್ಲಿ ಕ್ಲಬ್ಬಿನ ಮೈದಾನಕ್ಕೆ ಸಾಗಿಸುವಾಗ ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಅಲ್ಲಿ ರೆಕ್ಕೆ ಮತ್ತೆ ಕೂತಿತು. ತಪಾಸಣೆಯವನು ಟಾರ್ಚು ಹಿಡಿದು ಮೂಲೆಮೂಲೆ ನೋಡಿದ, ಕೆಲವು ಬೋಲ್ಟು ಬಿಗಿಸಲು ಹೇಳಿದ, ಮತ್ತೆ ನೋಡಿ ಒಪ್ಪಿಗೆಯ ಸಹಿ ಹಾಕಿದ.

ಮೊದಲ ಹಾರಾಟಕ್ಕೆ ಒಬ್ಬಳೇ ಹೋಗಬೇಕೆಂಬುದು ನಿಯಮ. ಇಂಜಿನ್ನು ಗುಡುಗಿತು, ನೆಲ ಹಿಂದಕ್ಕೆ ಓಡಿತು, ಚಕ್ರಗಳ ಕುಲುಕಾಟ ಥಟ್ಟನೆ ನಿಂತುಹೋಯಿತು. ಹಾರುತ್ತಿದೆ! ಸೊಸೆಗೆ ತನ್ನ ಸಾಹಸ ನೆನಪಾಗಲಿಲ್ಲ. ರೆಕ್ಕೆಯ ಕೆಳಗೆ ಒತ್ತಿದ್ದ ಹೆಗಲುಗಳು ನೆನಪಾದವು. ಹಿಟ್ಟು ಮೆತ್ತಿದ ಕೈಯಲ್ಲೇ ಟೀ ತಂದಿಡುತ್ತಿದ್ದ ಗಂಡ, ಬೆನ್ನ ಹಿಂದಿನ ಕೊಳವೆಯಲ್ಲಿ ಮಲಗಿ ಬೈಯುತ್ತಿದ್ದ ಮುದುಕಿ. ತನ್ನನ್ನು ಹೊತ್ತು ನಿಲ್ಲಿಸಿರುವುದು ಬರೀ ಗಾಳಿಯಲ್ಲ ಅನಿಸಿತು.

ಇಳಿದು ಬಂದವಳು ಅತ್ತೆಯನ್ನು ತಬ್ಬಿಕೊಂಡು, "ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ?" ಎಂದಳು.

"ಮನೆಯೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ?" ಎಂದರು ಅತ್ತೆ, ತಾವೇ ಕಣ್ಣೊರೆಸಿಕೊಳ್ಳುತ್ತ.

ಪರೀಕ್ಷೆಯ ಹಾರಾಟಗಳೆಲ್ಲ ಮುಗಿದು, ಇನ್ನೊಬ್ಬರನ್ನು ಕೂರಿಸಬಹುದು ಎಂದಾದ ದಿನ, ಪಕ್ಕದ ಸೀಟು ಯಾರದೆಂದು ಯಾರೂ ಕೇಳಲಿಲ್ಲ. ಗಂಡನೇ ಅಮ್ಮನಿಗೆ ಬೆಲ್ಟು ಬಿಗಿದ. ಮೇಲೇರಿದ ಮೇಲೆ ಅತ್ತೆ ಕಿಟಕಿಗೆ ಹಣೆಯೊತ್ತಿ ಕೂತರು. ಕೆಳಗೆ ನದಿ ಬೆಳ್ಳಗೆ ಹೊಳೆಯುತ್ತಿತ್ತು, ಬಸ್ಸುಗಳು ಇರುವೆಸಾಲಿನಂತೆ ಸಾಗುತ್ತಿದ್ದವು. ಆಮೇಲೆ ಅತ್ತೆ ಸೊಸೆಯ ಮೊಣಕೈ ಮುಟ್ಟಿ, "ಇನ್ನೊಂದು ಸುತ್ತು ಹಾಕು," ಎಂದರು. ಸೊಸೆ ಸಂತೋಷದಿಂದ ವಿಮಾನ ತಿರುಗಿಸಿದಳು.