ಹಾರ್ಡ್‌ನಾಟ್‌ಗೆ ಎಲ್ಲರ ಒಪ್ಪಿಗೆ

ನೆವಿಲ್ ಆಗ್ಡನ್‌ನ ಎಡಮಂಡಿ ಕಳೆದ ಬೇಸಿಗೆಯಲ್ಲೇ ಕೆಟ್ಟಿತ್ತು. ಸೈಕಲ್ ಬಿಡಬೇಕಾಗಿಲ್ಲ, ಸಪಾಟು ರಸ್ತೆಯಲ್ಲಿ ಧಾರಾಳವಾಗಿ ತುಳಿಯಿರಿ, ಕಡಿದಾದ ಏರು ಮಾತ್ರ ಬೇಡ ಎಂದು ಡಾಕ್ಟರಮ್ಮ ನಗುನಗುತ್ತಾ ಹೇಳಿ ಕಳಿಸಿದ್ದಳು. ಪುಣ್ಯಾತ್ಗಿತ್ತಿ, ಇಂಗ್ಲೆಂಡಿನ ತೆಂಕಣ ಸೀಮೆಯವಳಿರಬೇಕು. ಬಡಗಣ ಗುಡ್ಡಗಳ ನಡುವಿನ ನಮ್ಮೂರು ಬೇಕಪ್ಪಿನಲ್ಲಿ ಹಾಲು ತರಲು ಹೊರಟರೂ ಒಂದು ಏರು ಹತ್ತಬೇಕು, ಹಾಲು ಮರೆತು ಬಂದರೆ ಎರಡು.

ಈ ವಿಷಯವನ್ನು ನೆವಿಲ್ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಬಿಡುವುದಾದರೂ ಹೇಗೆ? ಮೂವತ್ತು ವರ್ಷದಿಂದ ಊರಿನ ಸೈಕಲ್ ಸಂಘದಲ್ಲಿ ಬೆಟ್ಟ ಎಂದರೆ ನೆವಿಲ್, ನೆವಿಲ್ ಎಂದರೆ ಬೆಟ್ಟ. ಸಪಾಟು ರಸ್ತೆಯನ್ನು ಅವನು ಆಡಿಕೊಳ್ಳದ ಭಾನುವಾರವಿರಲಿಲ್ಲ. ಏರಲಾಗದವರಿಗೆಂದೇ ಸಂಘದಲ್ಲಿ ಇನ್ನೊಂದು ತಂಡವಿತ್ತು. ಗಿಡ ಮಾರುವ ಅಂಗಡಿಯವರೆಗೆ ತುಳಿದು, ಅಲ್ಲಿ ಚಹಾ ಕುಡಿದು, ಸ್ಕೋನ್ ಬನ್ನು ತಿಂದು, ಬಂದ ದಾರಿಯಲ್ಲೇ ವಾಪಸಾಗುವವರು. ಅದಕ್ಕೆ ‘ಚಹಾ ಗುಂಪು’ ಎಂದು ಹೆಸರಿಟ್ಟವನೂ ಈ ಮಹಾಶಯನೇ. ಈಗ ಅದೇ ಗುಂಪಿಗೆ ತನ್ನನ್ನು ತಳ್ಳಿಬಿಟ್ಟರೆ? ಹೆಂಡತಿ ರೋಸಲಿಂಡ್ ಇವನನ್ನೂ ಇಲ್ಲಿನ ಮಳೆಯನ್ನೂ ಒಟ್ಟಿಗೆ ಬಿಟ್ಟು ಸ್ಪೇನ್‌ಗೆ ಹೋದ ಮೇಲೆ ನೆವಿಲ್ ಮನುಷ್ಯರ ಜೊತೆ ಮಾತಾಡುತ್ತಿದ್ದುದೇ ಭಾನುವಾರ. ಅದೂ ಕೈತಪ್ಪಿದರೆ ತನಗೆ ಉಳಿಯುವುದು ಟೀವಿ ಮಾತ್ರ ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು.

ಅದಕ್ಕೇ ಒಂದು ಉಪಾಯ ಹೂಡಿದ. ಪ್ರತಿ ಫೆಬ್ರವರಿ ಪಬ್ಬಿನ ಮಹಡಿಯ ಮೇಲೆ ಸಂಘ ಸೇರಿ, ಮೇ ತಿಂಗಳ ವಾರಾಂತ್ಯಕ್ಕೆ ಎಲ್ಲಿಗೆ ಹೋಗುವುದೆಂದು ತೀರ್ಮಾನಿಸುತ್ತಿತ್ತು. ಪ್ರತಿ ವರ್ಷವೂ ನೆವಿಲ್ ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಕಣಿವೆದಾರಿ ಬೇಕೆನ್ನುತ್ತಿದ್ದ. ಅದು ರಸ್ತೆಯಲ್ಲ, ಗೋಡೆಗೆ ಡಾಂಬರು ಬಳಿದದ್ದು. ಪ್ರತಿ ವರ್ಷವೂ ಕ್ಲೈವ್ ದೋಸೆಕಾವಲಿಯಷ್ಟು ಸಪಾಟಾದ ನಾರ್ಫಕ್ ಬೇಕೆನ್ನುತ್ತಿದ್ದ. ಇಬ್ಬರೂ ಕಚ್ಚಾಡಿ ಸುಸ್ತಾದ ಮೇಲೆ ಕಾರ್ಯದರ್ಶಿ ಬೆರಿಲ್ ನಡುವಿನದೊಂದನ್ನು ಗೊತ್ತುಮಾಡುತ್ತಿದ್ದಳು. ಈ ವರ್ಷ ಮಾತ್ರ ನಾರ್ಫಕ್ ಕಡೆಗೆ ಜನ ವಾಲುತ್ತಿದ್ದಾರೆಂದು ನೆವಿಲ್‌ಗೆ ವಾಸನೆ ಬಡಿದಿತ್ತು. ಎಂದಿನಂತೆ ಹಾರ್ಡ್‌ನಾಟ್‌ಗಾಗಿ ತೊಡೆ ತಟ್ಟುವುದು, ಭರ್ಜರಿಯಾಗಿ ಸೋಲುವುದು, ಒಂದು ಪೈಂಟ್ ಬಿಯರ್ ಮುಗಿಯುವಷ್ಟು ಹೊತ್ತು ಮುಖ ಊದಿಸಿಕೊಳ್ಳುವುದು, ಆಮೇಲೆ ನಿಮಗಾಗಿ ಬರುತ್ತೇನೆ ಎಂದು ತ್ಯಾಗಮೂರ್ತಿಯಂತೆ ನಾರ್ಫಕ್‌ಗೆ ಹೊರಡುವುದು. ಮಂಡಿಯೂ ಉಳಿಯಿತು, ಮಾನವೂ ಉಳಿಯಿತು.

ಅಂದು ಸಂಜೆ ಹತ್ತು ಮಂದಿ ಸೇರಿದ್ದರು. ಬೆರಿಲ್ ನಿವೃತ್ತ ಹೆಡ್‌ಮಿಸ್ಟ್ರೆಸ್. ಇಂದಿಗೂ ಅವಳು ಕೆಮ್ಮಿದರೆ ಪಕ್ಕದ ಮೇಜಿನವರೂ ಬೆನ್ನು ನೇರ ಮಾಡುತ್ತಿದ್ದರು. ಕ್ಲೈವ್‌ನದು ಮಾಂಸದ ಅಂಗಡಿ, ಹೊಟ್ಟೆಯೇ ಅದರ ಜಾಹೀರಾತು. ಮೂಲೆಯಲ್ಲಿ ಕೂತು ಈರುಳ್ಳಿ ಚಿಪ್ಸ್ ತಿನ್ನುತ್ತಿದ್ದವಳು ಫೆಮ್ಕೆ, ಈ ಊರಿನವನನ್ನು ಕಟ್ಟಿಕೊಂಡು ಬಂದ ಡಚ್ ಹೆಂಗಸು. ಬಂದು ಎಷ್ಟೋ ವರ್ಷವಾದರೂ ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಇನ್ನೊಂದು ಆಡುವ ನಮ್ಮ ಸಂಸ್ಕಾರ ಅವಳಿಗೆ ಅಂಟಿರಲಿಲ್ಲ.

ನೆವಿಲ್ ಎದ್ದು ನಿಂತ. "ನೋಡ್ರಪ್ಪಾ, ನಂದು ಗೊತ್ತಲ್ಲ. ಹಾರ್ಡ್‌ನಾಟ್. ಗಂಡಸಾದವನು ಸಾಯೋದ್ರೊಳಗೆ ಒಂದ್ಸಲ ಹತ್ತಬೇಕು. ನಾರ್ಫಕ್ಕು ಪಾರ್ಫಕ್ಕು ಅನ್ನೋರು ಮೂರು ಚಕ್ರದ ಸೈಕಲ್ ತಗೊಂಡು ಹೋಗಿ."

"ನಾನು ಹೆಂಗಸು," ಎಂದಳು ಬೆರಿಲ್.

"ನೀನೂ ಹತ್ತಬೇಕು ತಾಯಿ, ನಿನ್ನನ್ನ ಯಾರು ಬೇಡ ಅಂದ್ರು?"

ಇನ್ನು ಕ್ಲೈವ್ ಸಿಡಿಯುತ್ತಾನೆ ಎಂದು ಕಾದ. ಕ್ಲೈವ್ ಗ್ಲಾಸಿನೊಳಗೆ ನೋಡುತ್ತಾ, "ಹೂಂ, ಆಗ್ಲಿ ಬಿಡು," ಎಂದ. "ಎಷ್ಟು ವರ್ಷದಿಂದ ಕೇಳ್ತಿದ್ದೀಯ. ಈ ಸಲ ಅಲ್ಲಿಗೇ ಹೋಗೋಣ."

ನೆವಿಲ್ ಬೆದರಿ ಕ್ಲೈವ್‌ನತ್ತ ಬಾಗಿದ. "ಏನಂದೆ?"

"ಹೋಗೋಣ ಅಂದೆ."

"ಹಾರ್ಡ್‌ನಾಟ್‌ಗೆ ಯಾರ್ಯಾರು?" ಎಂದಳು ಬೆರಿಲ್. ಒಂದೊಂದಾಗಿ ಕೈಗಳು ಎದ್ದವು. ಹೋದ ವರ್ಷ ಸೇತುವೆಯ ಏರಿಗೇ ಇಳಿದು ತಳ್ಳಿದವನ ಕೈಯೂ ಎದ್ದಿತು. ಫೆಮ್ಕೆಯ ಕೈ ಮಾತ್ರ ಚಿಪ್ಸ್ ಪೊಟ್ಟಣದಲ್ಲೇ ಇತ್ತು. ಉಳಿದ ಎಂಟು ಮುಖಗಳಲ್ಲೂ ಹರಳೆಣ್ಣೆ ಕುಡಿದ ಕಳೆ, ಎಂಟು ಬಾಯಿಗಳಲ್ಲೂ ಮುಗುಳ್ನಗೆ.

"ಛೆ ಛೆ, ನನಗೋಸ್ಕರ ನೀವ್ಯಾಕೆ ತೊಂದ್ರೆ ತಗೋತೀರಾ," ಎಂದ ನೆವಿಲ್.

"ತೊಂದ್ರೆ ಏನ್ ಬಂತು!" ಎಂದಳು ಬೆರಿಲ್.

"ಅಲ್ಲ, ಕ್ಲೈವ್‌ಗೆ ನಾರ್ಫಕ್ ಅಂದ್ರೆ ಪ್ರಾಣ. ಪಾಪ."

"ನಂದೇನಿಲ್ಲಪ್ಪ, ನಾನು ಎಲ್ಲಿಗಾದ್ರೂ ಸೈ."

"ನಾನೂ ಎಲ್ಲಿಗಾದ್ರೂ ಸೈ!" ನೆವಿಲ್‌ನ ದನಿ ಕೀಚಲಾಯಿತು. "ನಾರ್ಫಕ್‌ಗೂ ಸೈ!"

"ನೋಡಿ, ಎಂಥಾ ದೊಡ್ಡ ಮನಸ್ಸು," ಎಂದ ಯಾರೋ. ಅಲ್ಲಿಗೆ ಮುಗಿಯಿತು. ನಮ್ಮ ಜನ ಒಮ್ಮೆ ಉಪಕಾರ ಮಾಡಲು ಹೊರಟರೆಂದರೆ ನೀವು ಕಾಲಿಗೆ ಬಿದ್ದರೂ ಬಿಡುವವರಲ್ಲ. ಬೇಡವೆಂದಷ್ಟೂ ಸಂಕೋಚದ ಪ್ರಾಣಿ ಎಂದು ಮತ್ತಷ್ಟು ಒತ್ತಾಯ ಮಾಡುತ್ತಾರೆ. ನೆವಿಲ್ ಉಗುಳಲೂ ಆಗದೆ ನುಂಗಲೂ ಆಗದೆ ಕೂತ. ಬೆರಿಲ್ ಕೋಣೆ ಕಾದಿರಿಸಲು ಫೋನ್ ಕೈಗೆತ್ತಿಕೊಂಡಳು.

ಆಗ ಫೆಮ್ಕೆ ಚಿಪ್ಸ್ ಪೊಟ್ಟಣ ಕೆಳಗಿಟ್ಟಳು. "ಒಂದ್ನಿಮಿಷ. ನೆವಿಲ್, ನಿನ್ನ ಮಂಡಿ ಹೋಗಿದೆ. ನೀನ್ಯಾಕೆ ಬೆಟ್ಟ ಕೇಳ್ತಿದ್ದೀಯ?"

ಯಾರೋ ಮೇಜಿನ ಮೇಲೆ ಬೆತ್ತಲೆ ನಿಂತಂತೆ ಎಲ್ಲರೂ ತಲೆ ತಗ್ಗಿಸಿದರು.

"ಯಾವ ಮಂಡಿ?" ಎಂದ ನೆವಿಲ್.

"ಎಡದ್ದು. ಎಲ್ರಿಗೂ ಗೊತ್ತು. ಈ ಚಳಿಗಾಲ ಪೂರ್ತಿ ಕ್ಲೈವ್ ಪ್ರತಿ ಏರಲ್ಲೂ ಪಂಕ್ಚರ್ ಅಂತ ನಿಲ್ತಿದ್ದ. ಒಳ್ಳೇ ಟ್ಯೂಬನ್ನ ಬಿಚ್ಚಿ ಮತ್ತೆ ಹಾಕ್ತಿದ್ದ. ಬೆರಿಲ್ ಕುರಿಗಳ ಫೋಟೋ ತೆಗೀತಿದ್ಳು. ಯಾರಿಗೆ ಬೇಕು ಅಷ್ಟೊಂದು ಕುರಿ? ನಿನಗೆ ಉಸಿರು ಬರ್ಲಿ ಅಂತ ಅಲ್ವಾ?"

"ಫೆಮ್ಕೆ!" ಎಂದು ಗದರಿದಳು ಬೆರಿಲ್.

"ನಾನೇನು ಸುಳ್ಳು ಹೇಳಿದ್ನಾ?"

ನೆವಿಲ್‌ನ ಕಿವಿ ಕೆಂಪಾಯಿತು. ಆ ಚಳಿಗಾಲವೆಲ್ಲ ಅವನು ಏರಿನ ನಡುವೆ ನಿಂತು, "ವಯಸ್ಸಾಯ್ತು ಕಣ್ರೋ ನಿಮಗೆ, ನನಗೆ ಕಾದೂ ಕಾದೂ ಸಾಕಾಯ್ತು," ಎಂದು ಇವರನ್ನೇ ಮೂದಲಿಸಿದ್ದ. ಇವರು ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡಿದ್ದರು. ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ನಾಚಿಕೆಗಿಂತ ಮೊದಲು ನಾಲಿಗೆಗೆ ಬಂದದ್ದು ಸಿಟ್ಟು.

"ಹಾಗಾದ್ರೆ ಈಗ ಹಾರ್ಡ್‌ನಾಟ್‌ಗೆ ಕೈ ಎತ್ತಿದ್ದು ಏನು? ತಮಾಷೆನಾ? ನಾನು ಅಲ್ಲಿ ಉರುಳ್ಕೊಂಡು ಬೀಳೋದು ನೋಡೋಕಾ?"

"ಅಷ್ಟು ಆಸೆಪಟ್ಟು ಕೇಳ್ದೆ," ಎಂದಳು ಬೆರಿಲ್ ಮೆಲ್ಲಗೆ. "ಇದೇ ಕೊನೇ ಸಲ ಇರಬಹುದು ಅಂದ್ಕೊಂಡ್ವಿ. ನಿನಗೆ ಆಗದಿದ್ರೆ ಎಲ್ರೂ ಇಳಿದು ತಳ್ಕೊಂಡು ಹತ್ತೋದು ಅಂತ ಮೊದಲೇ ಮಾತಾಡ್ಕೊಂಡಿದ್ವಿ. ನೀನು ಒಬ್ನೇ ತಳ್ಳೋ ಹಾಗೆ ಆಗ್ಬಾರ್ದು ಅಂತ."

ನೆವಿಲ್ ಧಡಾರನೆ ಎದ್ದು ಹೊರಟುಬಿಡಬೇಕೆಂದಿದ್ದ. ಎದ್ದದ್ದೇನೋ ಹೌದು, ಆದರೆ ಬಹಳ ಹೊತ್ತು ಕೂತಿದ್ದ ಮಂಡಿ ಮಡಿಸಿದ್ದಲ್ಲೇ ಹಟ ಹಿಡಿಯಿತು. ಅರ್ಧ ಎದ್ದವನು ಮೇಜಿನ ಅಂಚು ಹಿಡಿದು ನಿಂತ. ಕ್ಲೈವ್ ಕುರ್ಚಿಯನ್ನು ಅವನ ಹಿಂದಕ್ಕೆ ಸರಿಸಿದ.

"ನನ್ನನ್ನ ಚಹಾ ಗುಂಪಿಗೆ ತಳ್ಬೇಡ್ರೋ," ಎಂದ ನೆವಿಲ್. ಇದನ್ನು ಇಷ್ಟು ಜೋರಾಗಿ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ. "ನನಗೆ ಭಾನುವಾರ ಬಿಟ್ರೆ ಬೇರೇನೂ ಇಲ್ಲ."

"ಯಾವನೋ ನಿನ್ನ ತಳ್ಳೋನು?" ಎಂದ ಕ್ಲೈವ್. "ಅವರು ನಿನ್ನ ಸೇರಿಸ್ಕೊಂಡ್ರೆ ತಾನೇ! ನೀನಿಟ್ಟ ಹೆಸರಿಗೆ ಅವರು ಇನ್ನೂ ಹಲ್ಲು ಮಸೀತಿದ್ದಾರೆ."

ನಾಲ್ಕೈದು ಜನ ನಕ್ಕರು. ನೆವಿಲ್ ನಗಲಿಲ್ಲ, ಕೂತುಕೊಂಡ.

ಫೆಮ್ಕೆ ಸುತ್ತ ನೋಡಿದಳು. "ಈಗ ನಿಜ ಹೇಳಿ. ಹಾರ್ಡ್‌ನಾಟ್ ಯಾರಿಗೆ ಬೇಕು?"

ಒಂದು ಕೈಯೂ ಏಳಲಿಲ್ಲ.

"ದೇವರೇ! ಯಾರಿಗೂ ಬೇಡದ ಜಾಗಕ್ಕೆ ಎಲ್ರೂ ಒಪ್ಪಿದ್ರಾ? ನಿಮ್ಮ ದೇಶ ಹೇಗಾದ್ರೂ ನಡೆಯುತ್ತೆ?"

"ನಡೆಯಲ್ಲ ಕಣಮ್ಮ, ತಳ್ತೀವಿ," ಎಂದ ಕ್ಲೈವ್. "ನಾರ್ಫಕ್ ಯಾರಿಗೆ?"

ಒಂಬತ್ತು ಕೈಗಳು ಎದ್ದವು, ಈ ಸಲ ಸರ್ರನೆ. ನೆವಿಲ್‌ನ ಕೈ ಮಾತ್ರ ಮೇಜಿನ ಮೇಲೇ ಇತ್ತು. ಮೂವತ್ತು ವರ್ಷ ಬೈದ ಬಾಯಿಗೆ ಇಷ್ಟು ಬೇಗ ಒಪ್ಪಿಕೊಳ್ಳುವುದು ಕಷ್ಟವಾಗಿತ್ತು.

"ಅಲ್ಲಿ ಏರಿಲ್ಲ ನಿಜ," ಎಂದ. "ಸಮುದ್ರದ ಗಾಳಿ ಇದೆಯಲ್ಲ? ಎದುರುಗಾಳಿ ಬೀಸಿದ್ರೆ ದಿನವೆಲ್ಲ ಬೆಟ್ಟ ಹತ್ತಿದ ಹಾಗೇ. ಅದಕ್ಕೇನು ಮಾಡ್ತೀರಿ?"

"ನಾನು ಆ ಗಾಳೀಲೇ ಹುಟ್ಟಿದವಳು," ಎಂದಳು ಫೆಮ್ಕೆ. "ನಾನು ಮುಂದೆ ಇರ್ತೀನಿ. ನೀನು ನನ್ನ ಹಿಂಚಕ್ರಕ್ಕೆ ಅಂಟ್ಕೊಂಡು ಬಾ. ಗಾಳಿ ನಿನಗೆ ತಾಕಲ್ಲ."

ಇನ್ನೊಬ್ಬರ ಬೆನ್ನ ಮರೆಯಲ್ಲಿ ತುಳಿಯುವವರನ್ನು ನೆವಿಲ್ ಏನೆಂದು ಕರೆಯುತ್ತಿದ್ದನೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಎಲ್ಲರೂ ಅದೇ ಮಾತಿಗಾಗಿ ಕಾದರು. ಅವನು ಎಡಮಂಡಿಯನ್ನು ಅಂಗೈಯಿಂದ ಒಮ್ಮೆ ನೀವಿಕೊಂಡ. ಆಮೇಲೆ ಆ ಕೈಯನ್ನು ಮೇಲೆತ್ತಿದ.

"ತೀರಾ ಜೋರಾಗಿ ಹೋಗ್ಬೇಡ ಮತ್ತೆ," ಎಂದ.