ಕಣ್ಣು ಬಿಟ್ಟ ಕುದುರೆಗಳು

ಮೊದಲ ಏಟು ಬಿದ್ದದ್ದು ಬಾಗಿಲ ಪಕ್ಕದ ಬುಟ್ಟಿಗೆ. ಅಂಗೈಯಗಲದ ಮಣ್ಣಿನ ಕುದುರೆಗಳು ಕಾಲು ಒಂದೆಡೆ, ಕತ್ತು ಒಂದೆಡೆಯಾಗಿ ಹಜಾರದ ತುಂಬ ಚೆಲ್ಲಿಹೋದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಶಿವಲಿಂಗಂಗೆ ನಿಮಿಷವೂ ಬೇಕಾಗಲಿಲ್ಲ.

"ಮುನಿಯಪ್ಪನ ಕುದ್ರೇನ ರೋಡ್ನಾಗೆ ಕಾರ್‌ನವ್ರಿಗೆ ಮಾರ್ತೀಯೇನೇ?"

ಜೀವಿತಾ ಅವನ ಸತ್ತ ತಮ್ಮನ ಹೆಂಡತಿ. ಮುನಿಯಪ್ಪನ ಗುಡಿಯ ಮುಂದೆ ಹರಕೆಗೆ ನಿಲ್ಲಿಸುವ ಆಳೆತ್ತರದ ಕುದುರೆಗಳನ್ನು ನೋಡಿ ಈ ಪುಟ್ಟವನ್ನು ಮಾಡಿ, ಸುಟ್ಟು, ಬಣ್ಣ ಹಚ್ಚಿದ್ದಳು. ಇವತ್ತಿನ ಸರಕು ಚೆನ್ನಾಗಿದ್ದರೆ ಮುಂದೆಯೂ ಕೊಳ್ಳುತ್ತೇವೆ ಎಂದು ತೊಪ್ಪೂರು ಘಾಟಿಯ ಹೆದ್ದಾರಿ ಅಂಗಡಿಯವರು ಹೇಳಿದ್ದರು. ಭಾವನ ಮನೆಯ ಅನ್ನಕ್ಕೆ ತಟ್ಟೆ ಒಡ್ಡುವುದು ತಪ್ಪುತ್ತಿತ್ತು. ಆ ಭಾವನೇ ಗುಡಿಯ ಪೂಜಾರಿ. ಅವನಿಗೆ ಉರಿದದ್ದು ದೇವರ ಮಾತಿಗೋ ತಟ್ಟೆಯ ಮಾತಿಗೋ, ಮುನಿಯಪ್ಪನೇ ಹೇಳಬೇಕು.

"ಕಣ್ಣು ಬುಡ್ಸಿಲ್ಲ ಬಾವ. ಗುಡಿ ಮುಂದೆ ರಕ್ತದಾಗೆ ಕಣ್ಣು ಬುಡ್ಸೋಗಂಟ ಬರೀ ಮಣ್ಣು ಅಂತ ನೀವೇ ಯೋಳಿದ್ರಲ್ಲ?"

"ಬರೀ ಮಣ್ಣಾ? ಅಂಗಾದ್ರೆ ಒಡುದ್ರೆ ಪಾಪ ಇಲ್ಲ ಬುಡು!"

ಎರಡನೆಯ ಬುಟ್ಟಿಗೆ ಅಡ್ಡ ನಿಂತವಳ ಹುಬ್ಬಿಗೇ ದೊಣ್ಣೆ ಬಡಿಯಿತು. ಒಳಗಿಂದ ಓಡಿಬಂದ ಅತ್ತೆ ಅಂಕಮ್ಮ ಮಗನ ರಟ್ಟೆ ಹಿಡಿದಳು. "ಪೋದುಂಡಾ ಶಿವಲಿಂಗಾ, ಸಾಕು ಬುಡ್ಲಾ! ಎಣ್ಮಗ್ಳು ಕಣ್ಲಾ!" ಅವನು ಕೊಡವಿದ ರಭಸಕ್ಕೆ ಮುದುಕಿ ಗೋಡೆಗೆ ಬಿದ್ದಳು.

ಜೀವಿತಾಳಿಗೆ ನೋವಿಗಿಂತ ಸಿಟ್ಟು ಜಾಸ್ತಿಯಾಗಿತ್ತು. ಕೆನ್ನೆಗಿಳಿದ ರಕ್ತವನ್ನು ಒರೆಸಿ ಬೆರಳು ನೋಡಿಕೊಂಡಳು. ಒಂದು ಕುದುರೆ ಎತ್ತಿ, ಮುಖದ ಎರಡು ಕಡೆಗೂ ಆ ಬೆರಳೊತ್ತಿ ಅವನ ಮುಂದಿಟ್ಟಳು.

"ಇವಾಗ ಒಡೀರಿ."

ಎತ್ತಿದ ದೊಣ್ಣೆ ಎತ್ತಿದಲ್ಲೇ ನಿಂತಿತು. ಕಣ್ಣು ಬಿಟ್ಟ ಕುದುರೆಯನ್ನು ಮುರಿದವನ ವಂಶ ಉಳಿಯದು ಎಂದು ಊರಿಗೆಲ್ಲ ಹೇಳುತ್ತ ಬಂದವನು ಅವನೇ. ಬೇರೆ ಬುಟ್ಟಿಗೆ ತಿರುಗಿದ. ಅವಳೂ ಅಲ್ಲಿಗೇ ಹಾರಿದಳು. ಅವನು ಒಂದನ್ನು ಪುಡಿ ಮಾಡುವಷ್ಟರಲ್ಲಿ ಅವಳು ಇನ್ನೊಂದಕ್ಕೆ ಕಣ್ಣಿಡುತ್ತಿದ್ದಳು. ರಕ್ತ ನಿಂತಾಗ ಗಾಯವನ್ನು ಉಗುರಿನಿಂದ ಕೆರೆದಳು.

ಕೊನೆಗೆ ಒಡೆಯುವುದಕ್ಕೆ ಏನೂ ಉಳಿಯಲಿಲ್ಲ. ಮಾರುವುದಕ್ಕೂ ಉಳಿಯಲಿಲ್ಲ, ಕಣ್ಣು ಬಿಟ್ಟದ್ದು ದೇವರ ಪಾಲು, ಗುಡಿಯ ಮುಂದೆ ಬಿಸಿಲು ಮಳೆಗೆ ಸವೆಯಬೇಕು. ಅದು ತಿಳಿದೇ ಅವಳು ಮಾಡಿದ್ದಳು. ಈಗ ಕೂತು ಅಳುತ್ತಿದ್ದಳು.

ಹೊರಗೆ ಅಂಗಡಿಯವರ ವ್ಯಾನು ಹಾರನ್ ಬಾರಿಸಿತು.

"ಒಂದೂ ಇಲ್ಲ ಅಂತ ಯೋಳು, ಅತ್ತೆ," ಎಂದಳು.

ಶಿವಲಿಂಗಂ ದೊಣ್ಣೆ ಕೆಳಗಿಟ್ಟ. ಸುತ್ತ ಎಲ್ಲ ಕಡೆಯಿಂದ ಕೆಂಪು ಕಣ್ಣುಗಳು. ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ನುಗ್ಗಿದ್ದು ಆಗ ನೆನಪಾಗಿ, ಗಡಬಡಿಸಿ ಕಳಚಿದ. ಬಾಗಿಲು ಹಜಾರದ ಆ ತುದಿಯಲ್ಲಿತ್ತು. ಅಲ್ಲಿಯವರೆಗೂ ಬರೀ ಚೂರು. ಆ ಕಣ್ಣುಗಳ ಮುಂದೆ ಮತ್ತೆ ಮೆಟ್ಟಿಕೊಳ್ಳುವ ಧೈರ್ಯವಾಗದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಅವನು ಬರಿಗಾಲನ್ನು ಮೆಲ್ಲಗೆ ಮುಂದಿಟ್ಟ.