ಊರು ಕೇಳದೆ ಬಿಟ್ಟ ಹೋರಿ

ಹೊಲ ಬೇಕೆಂದು ಹಟ ಹಿಡಿದವನು ಮಡಿವಾಳಪ್ಪ, ಹೊಲದ ಕೆಲಸ ಬಿದ್ದದ್ದು ಮಾಧುರಿಯ ತಲೆಗೆ. ಇದು ಲೋಕದ ರೂಢಿ, ಇದರಲ್ಲಿ ಹೊಸದೇನೂ ಇಲ್ಲ. ಬೈಲಹೊಂಗಲದ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಈ ಮನುಷ್ಯ ಕಡಲಾಚೆಯ ಸ್ಕಾರ್‌ಬರೋ ಪಟ್ಟಣದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಬಕೆಟ್ಟಿನಲ್ಲಿ ಮೆಂತ್ಯಪಲ್ಲೆ ಬೆಳೆಯುತ್ತ ಕೆಲವು ವರ್ಷ ಹೇಗೋ ತಡೆದುಕೊಂಡ. ಆಮೇಲೆ ತಡೆಯಲಿಲ್ಲ. ೧೯೯೭ರಲ್ಲಿ ಅರೋರಾದಿಂದ ಉತ್ತರಕ್ಕೆ, ಜಲ್ಲಿ ರಸ್ತೆಯೊಂದರ ಮಗ್ಗುಲಿಗೆ, ಐದು ಎಕರೆ ನೆಲ, ಒಂದು ಹಳೆಯ ಮನೆ, ಮನೆಗಿಂತ ಹಳೆಯ ಕೊಟ್ಟಿಗೆ ಮತ್ತು ಕೊಟ್ಟಿಗೆಗಿಂತ ಮುದಿಯಾದ ಆರೇಳು ಕೋಳಿಗಳನ್ನು ಕೊಂಡುಬಿಟ್ಟ. ಅವನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಶಿಫ್ಟು ಮುಗಿಸಿ ಬಂದು ಹೊಲದ ಅಂಚಿಗೆ ನಿಂತು, ಒಂದು ಹಿಡಿ ಮಣ್ಣು ಮೂಸಿ, "ಎರಿ ಭೂಮಿ ಅಲ್ಲ, ಆದ್ರೂ ಅಡ್ಡಿ ಇಲ್ಲ" ಎಂದು ಸರ್ಟಿಫಿಕೇಟು ಕೊಟ್ಟು ಒಳಗೆ ಹೋಗಿ ಮಲಗುತ್ತಿದ್ದ.

ಉಳಿದದ್ದೆಲ್ಲ ಮಾಧುರಿಯದು. ಅವಳು ಹುಬ್ಬಳ್ಳಿಯ ಬಟ್ಟೆ ಅಂಗಡಿಯವರ ಮಗಳು. ಹಾಲೆಂದರೆ ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ಪಾಕೀಟು ಎಂದು ತಿಳಿದು ಬೆಳೆದವಳು. ಅಂಥವಳು ಎರಡೇ ವರ್ಷದಲ್ಲಿ ಮಂಜು ಎತ್ತಿಹಾಕುವುದು, ಬೇಲಿಯ ಗೂಟ ಬಡಿಯುವುದು, ಚಳಿಗಾಲದಲ್ಲಿ ದನದ ತೊಟ್ಟಿಯ ಮಂಜುಗಡ್ಡೆ ಒಡೆಯುವುದು ಎಲ್ಲ ಕಲಿತಳು. ಕಲಿಯುವಾಗ ಗಂಡನನ್ನು ಬೈದಳು, ಕಲಿತ ಮೇಲೂ ಬೈದಳು. ಬೈಗುಳ ಅವಳಿಗೆ ದಣಿವಾರಿಸುವ ಮಜ್ಜಿಗೆ.

ಆಕಳು ಬಂದದ್ದು ಎರಡನೆಯ ವರ್ಷ. ಜರ್ಸಿ ಆಕಳು, ಹೆಸರು ಗಂಗವ್ವ. ಅದು ಈಯುವ ಹೊತ್ತು ಬಂದದ್ದು ಮಾರ್ಚಿನಲ್ಲಿ, ಮಂಜು ಅರ್ಧ ಕರಗಿ ಅಂಗಳವೆಲ್ಲ ಮೊಣಕಾಲುದ್ದ ಕೆಸರಾದ ದಿನ. ಮಡಿವಾಳಪ್ಪ ಶಿಫ್ಟಿನಲ್ಲಿದ್ದ, ಪಶುವೈದ್ಯ ಬೇರೆಲ್ಲೋ ಇದ್ದ. ಗಂಗವ್ವ ಬೆಳಗಿನಿಂದ ತಿಣುಕುತ್ತಿತ್ತು; ಕರುವಿನ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು, ಇನ್ನೊಂದರ ಸುಳಿವಿಲ್ಲ. ಮಾಧುರಿ ಪಕ್ಕದ ಹೊಲದ ವಿಲ್ಮಾಳಿಗೆ ಫೋನು ಮಾಡಿದಳು. ಅವಳು ಬರುವವರೆಗೆ ಮಾಡುವುದೇನು? ಗಂಗವ್ವನ ಕಣ್ಣು ಮೇಲೆ ಸಿಕ್ಕುತ್ತಿದ್ದುದನ್ನು ನೋಡಲಾಗದೆ ಕೆಸರಿನಲ್ಲಿಯೇ ಕೂತು ಕೈ ಮುಗಿದಳು.

"ಬಸವಣ್ಣಾ, ತಾಯಿ ಮಗು ಎರಡೂ ಉಳೀಲಪಾ. ಹೋರಿಗರು ಹುಟ್ಟಿದ್ರ ನಿನ್ನ ಹೆಸರಿಗೇ ಬಿಡ್ತೇನಿ."

ವಿಲ್ಮಾ ಬಂದಳು. ಗಂಡ ಸತ್ತ ಮೇಲೂ ಒಬ್ಬಳೇ ದೊಡ್ಡ ಹೊಲ ನೋಡಿಕೊಂಡಿದ್ದ, ಅರವತ್ತು ದಾಟಿದ ಡಚ್ಚರ ಹೆಣ್ಣುಮಗಳು. ಅಂಗಿಯ ತೋಳು ಮಡಚಿ, ಕೈಗೆ ಸಾಬೂನು ಸವರಿ, ಒಳಗೆ ಮಡಚಿಕೊಂಡಿದ್ದ ಕಾಲನ್ನು ನೆಟ್ಟಗೆ ಮಾಡಿ, ಹಗ್ಗ ಕಟ್ಟಿ ಎಳೆದಳು. ಕರು ಬಂತು. ಗಂಗವ್ವ ತಿರುಗಿ ಅದನ್ನು ನೆಕ್ಕತೊಡಗಿತು. ಮಾಧುರಿ ಅಳತೊಡಗಿದಳು.

"ಗಂಡು," ಎಂದಳು ವಿಲ್ಮಾ. ಅವಳ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಅದರ ಒರಟು ಅರ್ಧ ಕಡಿಮೆಯಾಗುತ್ತದೆ, ಏನು ಮಾಡುವುದು. "ಮಂಗಳವಾರ ಕಸಾಯಿಖಾನೆಯ ಲಾರಿ ಬರುತ್ತದೆ. ಹೇಳಿ ಕಳಿಸುತ್ತೇನೆ."

"ಬೇಡ. ಇದನ್ನು ದೇವರಿಗೆ ಕೊಟ್ಟಾಗಿದೆ."

ವಿಲ್ಮಾ ಕೈ ಒರೆಸಿಕೊಂಡಳು. "ಸರಿ. ಅವನು ಯಾವತ್ತು ಬಂದು ಒಯ್ಯುತ್ತಾನೆ?"

ಮಾಧುರಿಗೂ ಇದೇ ಲೆಕ್ಕವಿತ್ತು ಎಂಬುದು ಹೇಳಿಕೊಳ್ಳಲು ನಾಚಿಕೆಯ ಮಾತು. ಪೇಟೆಯ ಹುಡುಗಿ ನೋಡಿ, ದೇವರಿಗೆ ಬಿಡುವುದೆಂದರೆ ಕಾಯಿ ಒಡೆದು ದೇವಸ್ಥಾನಕ್ಕೆ ಒಪ್ಪಿಸಿ ಬರುವುದು ಎಂದೇ ತಿಳಿದಿದ್ದಳು. ಆ ಭಾನುವಾರ ರಿಚ್ಮಂಡ್ ಹಿಲ್ಲಿನ ದೇವಸ್ಥಾನಕ್ಕೆ ಹೋಗಿ ಅರ್ಚಕರಲ್ಲಿ ವಿಷಯ ತೆಗೆದಳು. ಆ ಪುಣ್ಯಾತ್ಮರು ನಗಲಿಲ್ಲ. ಕಿಟಕಿಯತ್ತ ಕೈ ತೋರಿಸಿ, "ಅಮ್ಮಾ, ಹಬ್ಬದ ದಿನ ಕಾರು ನಿಲ್ಲಿಸೋಕೇ ಇಲ್ಲಿ ಜಾಗ ಇರಲ್ಲ. ಕರು ನಿಮ್ಮಲ್ಲೇ ಇರಲಿ, ಸ್ವಾಮಿ ಅಲ್ಲೂ ಇದ್ದಾನೆ" ಎಂದು ಪ್ರಸಾದ ಕೊಟ್ಟು ಕಳಿಸಿದರು.

ಮನೆಗೆ ಬರುವ ದಾರಿಯಲ್ಲಿ ಮಡಿವಾಳಪ್ಪ ಕಾಯಿದೆ ಹೇಳಿದ.

"ದೇವರಿಗೆ ಬಿಟ್ಟ ಹೋರೀನ ಮಾರಬಾರದು. ಹೊಡೀಬಾರದು. ಹಗ್ಗ ಹಾಕಿ ಕಟ್ಟಲೇಬಾರದು. ಅದು ಎಲ್ಲಿ ಬೇಕಲ್ಲಿ ಹೋಗತೈತಿ, ಯಾರ ಹೊಲಾ ಬೇಕವರ ಹೊಲಾ ಮೇಯತೈತಿ. ಯಾರೂ ಏನೂ ಅನ್ನೂದಿಲ್ಲ."

"ಅದು ನಿಮ್ಮೂರಾಗ್ರಿ."

"ಹರಕಿ ಹೊತ್ತಾಕಿ ನೀನು," ಎಂದು ಅವನು ರೇಡಿಯೊ ಹಚ್ಚಿದ.

ಕರುವಿಗೆ ಬಸು ಎಂದು ಹೆಸರಿಟ್ಟರು. ಹೀಗೆ ಬಸು ಬೆಳೆದ. ಏಪ್ರಿಲ್ಲಿನಲ್ಲಿ ಪಶುವೈದ್ಯ ಬಂದು ಅವನ ಬೀಜ ತೆಗೆದು ಹೋದ. "ಹರಕಿಗೆ ಅಡ್ಡಿ ಆಗೂದಿಲ್ಲೇನ್ರಿ?" ಎಂದು ಮಾಧುರಿ ಆತಂಕಪಟ್ಟರೆ ಮಡಿವಾಳಪ್ಪ, "ಬಸವಣ್ಣ ಅಲ್ಲೆಲ್ಲಾ ಬಗ್ಗಿ ನೋಡೂದಿಲ್ಲ" ಎಂದ. ಮೇ ತಿಂಗಳಲ್ಲಿ ಬಿತ್ತನೆಯ ಮಾತು ಬಂತು. ವಿಕ್ಟೋರಿಯಾ ಡೇ ರಜೆ ಕಳೆಯದೆ ನೆಲಕ್ಕೆ ಬೀಜ ಹಾಕಬೇಡಿ, ಇಬ್ಬನಿ ಹೆಪ್ಪುಗಟ್ಟಿ ಸಸಿ ಸುಟ್ಟುಹೋಗುತ್ತದೆ ಎಂದು ವಿಲ್ಮಾ. ರೋಹಿಣಿ ಮಳೆ ಹುಟ್ಟದೆ ಬಿತ್ತುವವನು ಒಕ್ಕಲಿಗನೇ ಅಲ್ಲ ಎಂದು ಮಡಿವಾಳಪ್ಪ. ನೋಡಿದರೆ ಎರಡೂ ಒಂದೇ ವಾರ. ತನ್ನ ಮಾತೇ ನಡೆಯಿತೆಂದು ಇಬ್ಬರೂ ಬೀಗಿದರು, ಬಗ್ಗಿ ಬಿತ್ತಿದವಳು ಮಾಧುರಿ. ಬೇಸ್‌ಮೆಂಟಿನ ಕಿಟಕಿಯಲ್ಲಿ ಎಬ್ಬಿಸಿದ ಮೆಣಸಿನ ಸಸಿ, ಬದನೆ ಸಸಿ ನೆಟ್ಟು, ಅವರೆ ಊರಿ, ಮೆಂತ್ಯ ಚೆಲ್ಲಿದಳು. ಜೂನಿನಲ್ಲಿ ಹುಲ್ಲು ಕೊಯ್ದು ಒಣಗಿಸಿದರು. ಜುಲೈ ಇಡೀ ನೀರು ಹೊತ್ತರು.

ಬಸುವಿಗೆ ಈ ಯಾವ ರಗಳೆಯೂ ಇಲ್ಲ. ಬೆಳಿಗ್ಗೆ ತಾಯಿಯ ಹಾಲು ಕುಡಿದು ಜಲ್ಲಿ ರಸ್ತೆಗಿಳಿದರೆ ಅವನದೊಂದು ಫೇರಿ. ಮೂಲೆಯ ಮನೆಯ ಇಟಾಲಿಯನ್ ಅಜ್ಜನ ತೋಟ, ಶಾಲೆಯ ಬಸ್ಸು ಓಡಿಸುವ ಹೆಂಗಸಿನ ಹಿತ್ತಲು, ಮರಳಿ ವಿಲ್ಮಾಳ ಸೇಬಿನ ಮರ. ಕರು ಚಿಕ್ಕದು, ಕಣ್ಣು ದೊಡ್ಡವು, ಮೈ ಜಿಂಕೆಯ ಬಣ್ಣ. ಮೊದಮೊದಲು ಎಲ್ಲರೂ ಫೋಟೊ ತೆಗೆದುಕೊಂಡರು. ಆಮೇಲೆ ಅಜ್ಜನ ಲೆಟ್ಯೂಸು ಕಾಣೆಯಾಯಿತು, ಬಸ್ಸಿನಾಕೆಯ ಹಗ್ಗದ ಮೇಲಿನ ಟವೆಲು ಅರ್ಧವಾಯಿತು. ಮಾಧುರಿ ಮನೆಮನೆಗೆ ಹಾಲು ಹಿಡಿದು ಹೋಗಿ ತಪ್ಪಾಯಿತೆಂದು ಹೇಳಿ ಬಂದಳು.

ಆಗಸ್ಟಿನಲ್ಲಿ ಬಸು ವಿಲ್ಮಾಳ ಸಿಹಿಜೋಳಕ್ಕೆ ನುಗ್ಗಿದ.

ಅದು ಅಂಥಿಂಥ ಜೋಳವಲ್ಲ. ವರ್ಷವೂ ಊರ ಸುಗ್ಗಿಯ ಮೇಳದಲ್ಲಿ ವಿಲ್ಮಾ ತನ್ನ ತೆನೆಗಳನ್ನು ಸ್ಪರ್ಧೆಗೆ ಇಡುತ್ತಿದ್ದಳು. ಗಂಡ ಬದುಕಿದ್ದಾಗ ಇಬ್ಬರೂ ಕೂಡಿ ಇಡುತ್ತಿದ್ದರು. ಅದಕ್ಕೆಂದೇ ಜೋಪಾನ ಮಾಡಿದ್ದ ಸಾಲುಗಳನ್ನು ಬಸು ಒಂದೇ ಬೆಳಿಗ್ಗೆ ಮುಗಿಸಿ, ಅಲ್ಲೇ ಮಲಗಿ ಮೆಲುಕು ಹಾಕುತ್ತಿದ್ದ. ಮಾಧುರಿ ಒಯ್ದ ಹಾಲಿನ ಪಾತ್ರೆಯನ್ನು ವಿಲ್ಮಾ ಮುಟ್ಟಲಿಲ್ಲ.

"ಕಟ್ಟು, ಇಲ್ಲವೆ ಲಾರಿಗೆ ಹತ್ತಿಸು," ಎಂದಳು. "ಟೌನ್‌ಶಿಪ್ಪಿನ ಕಚೇರಿಗೆ ಫೋನು ಮಾಡಿದ್ದೇನೆ. ಅವರು ಬಂದರೆ ನಿನ್ನನ್ನೂ ಕೇಳುವುದಿಲ್ಲ, ನಿನ್ನ ದೇವರನ್ನೂ ಕೇಳುವುದಿಲ್ಲ."

ಮಾಧುರಿ ಮನೆಗೆ ಬಂದು ಹಗ್ಗ ಕೈಗೆತ್ತಿಕೊಂಡಳು. ಬಸು ತಾನಾಗಿ ಬಂದು ಅವಳ ಮೊಣಕೈ ನೆಕ್ಕಿದ. ಹಗ್ಗ ಹಾಕಲು ಕೈ ಏಳಲಿಲ್ಲ. ದೇವರು ಮುನಿಯುತ್ತಾನೆ ಎಂಬ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಮರ್ಯಾದೆ. ಸಾಯುವ ದನದ ಮುಂದೆ ಕೂತು ಕೊಟ್ಟ ಮಾತು. ಕೊಟ್ಟದ್ದನ್ನು ಕಷ್ಟ ಕಳೆದ ಮೇಲೆ ಹಿಂದಕ್ಕೆ ಎಳೆದುಕೊಂಡರೆ ತಾನು ಎಂಥ ಹೆಂಗಸು? ಏಳು ಸಮುದ್ರ ದಾಟಿ ಬಂದೆವೆಂದು ಮಾತೂ ಹಗುರಾಗುತ್ತದೆಯೇ?

ರೊಟ್ಟಿ ತಿನ್ನುತ್ತ ಮಡಿವಾಳಪ್ಪ ಹೇಳಿದ. "ನಮ್ಮೂರಾಗೂ ಜಗಳಾ ಆಗ್ತಿದ್ವು, ಇಲ್ಲಂತಲ್ಲ. ಅದಕ್ಕ ಮೊದಲ ಊರ ಕೇಳಿ ಬಿಡ್ತಿದ್ರು."

ಮಾಧುರಿಯ ಕೈಯಲ್ಲಿದ್ದ ಸೌಟು ನಿಂತಿತು. "ಏನಂದ್ರಿ?"

"ಹೋರಿ ಬಿಡೂಕಿಂತ ಮೊದಲ ಊರ ಮಂದೀನ ಕರದು, ಹೋಳಿಗಿ ಊಟಾ ಹಾಕಿ, 'ಹಿಂಗ ಬಿಡಾವ್ರದೀವಿ, ಒಪ್ಪಿಗಿ ಐತೇನ್ರಿ' ಅಂತ ಕೇಳೂದು. ಊರು ಹೂಂ ಅಂದ್ರ ಅದು ದೇವರ ಹೋರಿ. ಕೇಳದ ಬಿಟ್ರ ಕಳ್ಳ ಹೋರಿ."

"ಇದನ್ನ ಮಾರ್ಚಿನಾಗ ಹೇಳಾಕ ನಿಮಗ ಏನಾಗಿತ್ತು?"

"ನೀ ಕೇಳಲಿಲ್ಲ."

ಆ ದಿನ ಅವನಿಗೆ ಎರಡನೆಯ ರೊಟ್ಟಿ ಬೀಳಲಿಲ್ಲ. ಆದರೆ ಮಾಧುರಿಗೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದಿತ್ತು. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ತಿದ್ದುವುದೊಂದು ಕೆಲಸ ಅಷ್ಟೆ, ಕೆಲಸಕ್ಕೆ ಅವಳು ಹೆದರುವವಳಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ರಸ್ತೆಯ ಮನೆಗಳನ್ನೆಲ್ಲ ಊಟಕ್ಕೆ ಕರೆದಳು. ಅಂಗಳದಲ್ಲಿ ಮೇಜು ಹಾಕಿ ಹೂರಣದ ಹೋಳಿಗೆ, ರೊಟ್ಟಿ, ಝುಣಕ, ತನ್ನ ಹೊಲದ್ದೇ ಎಣ್ಣೆಗಾಯಿ ಬದನೆ ಬಡಿಸಿದಳು. ಇಟಾಲಿಯನ್ ಅಜ್ಜ ಬದನೆಯನ್ನು ಮೂರು ಸಲ ಹಾಕಿಸಿಕೊಂಡ. ವಿಲ್ಮಾ ಬರುವುದಿಲ್ಲವೆಂದೇ ಅಂದುಕೊಂಡಿದ್ದರು. ಬಂದಳು, ಮುಖ ಗಂಟಿಕ್ಕಿಕೊಂಡೇ ಬಂದಳು, ಮೇಜಿನ ತುದಿಗೆ ಕೂತಳು.

ಊಟ ಮುಗಿಯುವ ಹೊತ್ತಿಗೆ ಮಾಧುರಿ ಎದ್ದು ನಿಂತಳು. ಹೇಳಬೇಕಾದ ಇಂಗ್ಲಿಷನ್ನು ವಾರವೆಲ್ಲ ಕೋಳಿಗಳ ಮುಂದೆ ಬಾಯಿಪಾಠ ಮಾಡಿದ್ದಳು. ಕೋಳಿಗಳು ತಕರಾರು ಮಾಡಿರಲಿಲ್ಲ.

"ನನ್ನ ಆಕಳು ಸಾಯುತ್ತಿದ್ದಾಗ ಈ ಕರುವನ್ನು ದೇವರಿಗೆ ಕೊಟ್ಟೆ. ಕೊಡುವ ಮೊದಲು ನಿಮ್ಮನ್ನು ಕೇಳಬೇಕಾಗಿತ್ತು, ಅದು ನಮ್ಮ ಪದ್ಧತಿ. ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಇವನು ನಿಮ್ಮಲ್ಲಿಗೆ ಬರುತ್ತಾನೆ, ಏನಾದರೂ ತಿನ್ನುತ್ತಾನೆ. ನೀವು ಓಡಿಸಬಹುದು. ಮಾರುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ನೀವು ಬೇಡ ಎಂದರೆ ನಾಳೆ ಕಟ್ಟಿಹಾಕುತ್ತೇನೆ."

ಅಜ್ಜ ಮೊದಲು ಕೆಮ್ಮಿದ. ತನ್ನ ತಾಯಿಯ ಊರಿನಲ್ಲಿ ಸಂತ ಅಂತೋನಿಯ ಹೆಸರಿಗೆ ಹಂದಿ ಬಿಡುತ್ತಿದ್ದರು, ಊರೆಲ್ಲ ಅದಕ್ಕೆ ಉಣಿಸುತ್ತಿತ್ತು, ಇದು ಅದಕ್ಕಿಂತ ಚೊಕ್ಕ ಎಂದ. ಬಸ್ಸಿನಾಕೆ ನಕ್ಕು, ಟವೆಲು ಒಳಗೆ ಒಣಹಾಕುತ್ತೇನೆ ಬಿಡು ಎಂದಳು. ಎಲ್ಲರೂ ವಿಲ್ಮಾಳತ್ತ ನೋಡಿದರು.

"ಓಡಿಸುವಾಗ ಬೈಯಬಹುದೋ?" ಎಂದಳು ಅವಳು.

"ಬೈಯಬಹುದು."

ವಿಲ್ಮಾ ತಟ್ಟೆಯಲ್ಲಿದ್ದ ಹೋಳಿಗೆ ಮುಗಿಸಿ, ಕೈ ಒರೆಸಿಕೊಂಡು ಎದ್ದು ಹೋದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾಲ್ಕು ಮನೆಯ ರಸ್ತೆಯಲ್ಲಿ ಒಂದು ಮನೆ ಹೂಂ ಅನ್ನದಿದ್ದರೆ ಊರು ಹೂಂ ಅಂದ ಹಾಗಾಯಿತೇ ಎಂದು ಮಾಧುರಿ ಕೇಳಿದಳು. ಕಾಯಿದೆ ಬಲ್ಲ ಮಡಿವಾಳಪ್ಪನಿಗೆ ಅದರ ಕಾಯಿದೆ ಗೊತ್ತಿರಲಿಲ್ಲ.

ಅಕ್ಟೋಬರು ಬಂತು. ಇಬ್ಬನಿ ಹೆಪ್ಪುಗಟ್ಟುವ ಮೊದಲು ಮೆಣಸಿನ ಗಿಡಗಳನ್ನು ಬೇರುಸಮೇತ ಕಿತ್ತು ಬೇಸ್‌ಮೆಂಟಿನಲ್ಲಿ ತಲೆಕೆಳಗಾಗಿ ತೂಗುಹಾಕುವುದಿತ್ತು, ಮುಂದಿನ ಬೇಸಗೆಗೆ ಬೆಳ್ಳುಳ್ಳಿ ಊರುವುದಿತ್ತು, ಸೌದೆ ಒಟ್ಟುವುದಿತ್ತು. ಮಾಧುರಿ ಸೌದೆ ಒಟ್ಟುತ್ತಿದ್ದಾಗ ರಸ್ತೆಯಲ್ಲಿ ಟೌನ್‌ಶಿಪ್ಪಿನ ಬಿಳಿ ಟ್ರಕ್ಕು ಕಂಡಿತು. ಹಿಂದೆ ದನ ತುಂಬುವ ಟ್ರೇಲರು. ಆಗಸ್ಟಿನ ಫೋನು ಅಂತೂ ಅವರನ್ನು ತಲುಪಿತ್ತು.

ಟ್ರಕ್ಕು ವಿಲ್ಮಾಳ ಗೇಟಿನಲ್ಲಿ ನಿಂತಿತು. ಬಸು ಆಗ ಅಲ್ಲೇ ಇದ್ದ. ವಿಲ್ಮಾ ಹೊರಗೆ ಬಂದು ಕೈ ಬೀಸಿ ಏನೋ ಹೇಳುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಟ್ರೇಲರು ಅಡ್ಡ ಬಂದು ಬಸು ಮರೆಯಾದ. ಮಾಧುರಿಯ ಕೈಯಿಂದ ಸೌದೆ ಬಿತ್ತು. ಮಾತು ಕೊಟ್ಟು ಉಳಿಸಿಕೊಳ್ಳಲಾಗದ ಹೆಂಗಸು ತಾನು ಎಂಬ ಒಂದೇ ಯೋಚನೆ. ಟ್ರಕ್ಕು ಅಲ್ಲಿಂದ ಹೊರಟು ಅಜ್ಜನ ಮನೆಗೆ ಹೋಯಿತು, ಬಸ್ಸಿನಾಕೆಯ ಮನೆಗೆ ಹೋಯಿತು, ಕೊನೆಗೆ ಅವಳ ಅಂಗಳಕ್ಕೆ ಬಂತು. ಅವಳು ಮೊದಲು ನೋಡಿದ್ದು ಟ್ರೇಲರನ್ನು. ಅದು ಖಾಲಿ ಇತ್ತು.

ಇಳಿದು ಬಂದ ಮನುಷ್ಯ ಸುಸ್ತಾಗಿದ್ದ.

"ಮೇಡಂ, ಒಡೆಯರಿಲ್ಲದೆ ತಿರುಗುವ ಒಂದು ಹೋರಿಗರುವಿನ ಮೇಲೆ ದೂರಿದೆ. ದೂರು ಕೊಟ್ಟಾಕೆಯ ಹತ್ತಿರ ಹೋದರೆ, ನನ್ನ ದನದ ಮೇಲೆ ನಾನೇ ಯಾಕೆ ದೂರು ಕೊಡಲಿ, ಅದು ನನ್ನದು, ಸೇಬು ತಿನ್ನುತ್ತಿದೆ, ತೊಂದರೆ ಕೊಡಬೇಡ ಎಂದು ನನಗೇ ಬೈದಳು. ಮೂಲೆಯ ಮುದುಕ ಅದು ತನ್ನದು ಎನ್ನುತ್ತಾನೆ. ಆಚೆ ಮನೆಯ ಹೆಂಗಸೂ ಅದನ್ನೇ ಹೇಳುತ್ತಾಳೆ." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಈಗ ನೀವೂ ನಿಮ್ಮದು ಎನ್ನುತ್ತೀರೇನು?"

ಮಾಧುರಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ, ಎರಡೂ ಬಂದಿರಬೇಕು. ದೂರದ ಗೇಟಿನಲ್ಲಿ ವಿಲ್ಮಾ ಸೊಂಟದ ಮೇಲೆ ಕೈಯಿಟ್ಟು ಇತ್ತಲೇ ನೋಡುತ್ತ ನಿಂತಿದ್ದಳು. ಪಕ್ಕದಲ್ಲಿ ಬಸು ಬಕೆಟ್ಟಿನಲ್ಲಿ ತಲೆ ತೂರಿಸಿದ್ದ.

"ಇಲ್ಲ ಸರ್," ಎಂದಳು ಮಾಧುರಿ. "ನನ್ನದಲ್ಲ."